ಬೊಮ್ಮಕ್ಕ ಕೇಳಿದ ನೀರು

ನಮ್ಮ ಅಜ್ಜಂದಿರ ಅಜ್ಜಂದಿರು ಇನ್ನೂ ತೊಟ್ಟಿಲಲ್ಲಿದ್ದ ಕಾಲ ಅಂತ ಇಟ್ಟುಕೊಳ್ಳಿ. ಬಯಲುಸೀಮೆಯ ಒಂದೂರಲ್ಲಿ ಬೊಮ್ಮಕ್ಕ ಅಂತ ಮದ್ದು ಕೊಡುವವಳು ಒಬ್ಬಳಿದ್ದಳಂತೆ. ಅವಳು ಬೇರು ಕೈಗೆತ್ತಿಕೊಂಡರೆ ಜ್ವರ ಹೊಸ್ತಿಲು ದಾಟಿ ಓಡುತ್ತಿತ್ತು ಅಂತಾರೆ. ಗುಡ್ಡದ ಕರಡಿ ಕಾಲಿಗೆ ಮುಳ್ಳು ಚುಚ್ಚಿಕೊಂಡು ಅವಳ ಬಾಗಿಲಿಗೆ ಬರುತ್ತಿತ್ತು ಅಂತಾರೆ. ಕರಡಿಯ ಮಾತು ನಾನು ನಂಬುವುದಿಲ್ಲ. ಮಿಕ್ಕಿದ್ದು ನಂಬುತ್ತೇನೆ.

ಗಂಡ ಸತ್ತ ಮೇಲೆ ಬೊಮ್ಮಕ್ಕ ದೇವರ ದಾರಿ ಹಿಡಿಯಬೇಕು ಅಂತ ಗವಿಯಲ್ಲಿದ್ದ ಒಬ್ಬ ತಾತನ ಹತ್ತಿರ ಹೋದಳಂತೆ. ತಾತ ಮಂತ್ರ ಕೊಡಲಿಲ್ಲ, ಜಪಮಣಿ ಕೊಡಲಿಲ್ಲ. ಬೇರುಗಳನ್ನು ತೋರಿಸಿಕೊಟ್ಟು ಒಂದು ಕಟ್ಟಳೆ ಹಾಕಿದ. ಮದ್ದು ಅರೆಯುವ ನೀರನ್ನು, ನಿನಗೆ ಯಾರ ಮೇಲೆ ಒಳಗೆ ಸಿಟ್ಟಿದೆಯೋ ಅವರ ಮನೆಯಿಂದಲೇ ತರಬೇಕು. ಬಾಯಿಬಿಟ್ಟು ಕೇಳಿ ತರಬೇಕು, ಅವರಾಗಿ ಕೊಟ್ಟರೆ ಆಗದು. ಇದೇ ನಿನ್ನ ಜಪ ಅಂದನಂತೆ.

ಮೊದಮೊದಲು ಅವಳಿಗೆ ಪ್ರಾಣ ಹೋದಂತಾಗುತ್ತಿತ್ತು. ಚೊಂಬು ಹಿಡಿದು ಹೊರಟಳೆಂದರೆ, ಇವತ್ತು ಯಾರ ಮೇಲೆ ಸಿಟ್ಟು ಅಂತ ಊರಿಗೆ ಊರೇ ನೋಡುತ್ತಿತ್ತು. ಹೊಲದ ಬದು ಒತ್ತಿದ ಭಾವನ ಮನೆಗೆ ಹೋದಳು. ಮದುವೆಗೆ ಕರೆಯದೆ ಬಿಟ್ಟ ನಾದಿನಿಯ ಮನೆಗೆ ಹೋದಳು. ಕೇಳಿ ಕೇಳಿ ಸಿಟ್ಟು ಕರಗಿ, ಕೊನೆಗೆ ಹೋಗಲು ಮನೆಯೇ ಉಳಿಯಲಿಲ್ಲವಂತೆ. ನನಗೆ ಆಗದವರು ಯಾರೂ ಇಲ್ಲ ಅಂತ ತನ್ನ ಕೊಡದ ನೀರನ್ನೇ ಬಳಸತೊಡಗಿದಳು. ಸಿಟ್ಟನ್ನು ಗೆದ್ದ ತಾಯಿ ಅಂತ ಜನ ಕೈಮುಗಿದರು. ಆ ಮಾತು ಕಿವಿಗೆ ಬೀಳದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ ಅಂತಾರೆ.

ಹೀಗಿರುವಾಗ ಗಾದ್ರಮ್ಮ ಅನ್ನುವ ಹೆಂಗಸು ಬಾವಿಕಟ್ಟೆಯ ಮೇಲೆ ನಾಲ್ಕು ಜನರ ಎದುರು, ವಾಸಿ ಮಾಡೋದು ಬೇರು, ಬೊಮ್ಮಕ್ಕ ಅಲ್ಲ ಅಂದುಬಿಟ್ಟಳು. ಬೊಮ್ಮಕ್ಕ ನಕ್ಕು, ನಿಜ ಕಣವ್ವ ಅಂದಳು. ಎಂಥ ತಾಳ್ಮೆ ಅಂತ ಎಲ್ಲರೂ ಬೆರಗಾದರು. ಅವಳು ಮಾತ್ರ ಎಷ್ಟೋ ದಿನ ನಿದ್ದೆಗೆಟ್ಟಳು. ನನಗೆ ಸಿಟ್ಟಿಲ್ಲ, ಪಾಪ, ಆ ಹೆಣ್ಣಿಗೆ ತಿಳಿವಳಿಕೆ ಇಲ್ಲ, ಅದಕ್ಕೆ ಮರುಕ ಅಷ್ಟೇ ಅಂತ ತನಗೆ ತಾನೇ ಹೇಳಿಕೊಂಡಳಂತೆ.

ಒಂದು ಮಧ್ಯಾಹ್ನ ಗಾದ್ರಮ್ಮನ ಮಗಳಿಗೆ ಗಂಟಲುಬಾವು ಬಂತು. ಬೊಮ್ಮಕ್ಕ ತನ್ನ ಕೊಡದ ನೀರು ತೆಗೆದುಕೊಂಡು ಓಡಿದಳು. ಅರೆದಳು, ಹಚ್ಚಿದಳು. ಬಾವು ಇಳಿಯಲಿಲ್ಲ. ಮತ್ತೆ ಅರೆದಳು, ಮತ್ತೆ ಹಚ್ಚಿದಳು. ಮಗುವಿನ ಉಸಿರು ಸೀಳಿದ ಬಿದಿರಿನಲ್ಲಿ ಗಾಳಿ ಆಡಿದಂತೆ ಕೇಳುತ್ತಿತ್ತು. ಅಂಗಳದ ತುಂಬ ಜನ. ಬೊಮ್ಮಕ್ಕ ಎದ್ದು ಪಕ್ಕದ ಮನೆಯ ಕೆಂಚಪ್ಪನ ಹತ್ತಿರ ಹೋಗಿ, ನಿನ್ನ ಮೇಲೆ ನಂಗೆ ಸಿಟ್ಟು, ನೀರು ಕೊಡು ಅಂದಳಂತೆ. ನಾನೇನು ಮಾಡಿದೆ ಅಂತ ಅವನು ಕಣ್ಣುಬಿಟ್ಟ. ಆ ನೀರಿಗೂ ಬಾವು ಇಳಿಯಲಿಲ್ಲ.

ಬೊಮ್ಮಕ್ಕನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಕೇಳಬೇಕಾದವಳು ಎದುರಿಗೇ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಳೆ. ಕೇಳಿದರೆ ಸಿಟ್ಟನ್ನು ಗೆದ್ದ ತಾಯಿ ಅನ್ನುವ ಹೆಸರು ಇವತ್ತೇ ಮಣ್ಣುಪಾಲು. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ನನ್ನ ಮೇಲೆ ಹಗೆ ಇಟ್ಟುಕೊಂಡ ಕೈ ನನ್ನ ಮಗಳ ಗಂಟಲು ಮುಟ್ಟಿತೇ ಅಂತ ಗಾದ್ರಮ್ಮ ಮಗುವನ್ನು ಎತ್ತಿಕೊಂಡು ಹೋಗಿಬಿಟ್ಟರೆ? ಬಾಯಿ ತೆರೆದಳು, ಮುಚ್ಚಿದಳು. ಉಸಿರಿನ ಸದ್ದು ಸಣ್ಣದಾಗುತ್ತಿತ್ತು.

"ಗಾದ್ರಮ್ಮ," ಅಂದಳು. "ನಿಮ್ಮನೆ ನೀರು ಕೊಡವ್ವ."

ಗಾದ್ರಮ್ಮ ಸೆರಗಿನ ಮರೆಯಿಂದ ಒಂದು ಚೊಂಬು ತೆಗೆದಳು. ತುಂಬಿದ ಚೊಂಬು.

"ನಿಂಗೆ ಹೇಳಿ ಕಳಿಸಿದಾಗ್ಲೇ ತುಂಬಿಟ್ಕಂಡೆ, ಅಕ್ಕಯ್ಯ," ಅಂದಳಂತೆ. "ನಾನಾಗೇ ಕೊಟ್ರೆ ಮದ್ದು ಹಿಡಿಯಲ್ಲ. ಎಷ್ಟೊತ್ತಿಗೆ ಕೇಳ್ತೀಯೋ ಅಂತ ಇವಳ ಉಸಿರು ನೋಡ್ಕಂಡು ಕುಂತಿದ್ದೆ."

ಬೊಮ್ಮಕ್ಕ ಅವಸರದಲ್ಲಿ ಚೊಂಬು ಎಳೆದುಕೊಂಡಾಗ ಅರ್ಧ ನೀರು ಚೆಲ್ಲಿತಂತೆ. ಉಳಿದರ್ಧದಲ್ಲಿ ಅರೆದಳು. ಹೊತ್ತು ಮುಳುಗುವ ಮುಂಚೆ ಮಗು ಜೋರಾಗಿ ಅತ್ತಿತು. ಆ ಅಳು ಕೇಳಿ ಬೊಮ್ಮಕ್ಕನೂ ಅತ್ತಳು.

ಈಗ ನಿಜವಾಗಿ ಗೆದ್ದೆ ತಾಯಿ ಅಂತ ಯಾರೋ ಕಾಲು ಮುಟ್ಟಲು ಬಂದರು. ಬೊಮ್ಮಕ್ಕ ಕಾಲು ಹಿಂದಕ್ಕೆಳೆದುಕೊಂಡು, ಎಲ್ಲಿ ಗೆದ್ದೆ, ಸಿಟ್ಟು ಇನ್ನೂ ಐತೆ, ನಾಳೆನೂ ಇವಳ ಮನೆಗೇ ಬರ್ಬೇಕು ಅಂದಳಂತೆ. ತಲೆ ನರೆಯುವ ತನಕ ಬಂದಳು ಅಂತಾರೆ.

ಈಗಲೂ ಆ ಊರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಮನೆಯ ಹೆಂಗಸು ಒಂದು ಚೊಂಬು ನೀರು ತುಂಬಿ ಸೆರಗಿನ ಮರೆಯಲ್ಲಿಟ್ಟುಕೊಂಡು ಕೂರುತ್ತಾಳೆ. ನೋಡಲು ಬಂದವರಲ್ಲಿ ಯಾರಾದರೊಬ್ಬರು, ಬಾಯಾರಿಕೆ ಇಲ್ಲದಿದ್ದರೂ, ನೀರು ಕೇಳುತ್ತಾರೆ. ಯಾಕೆ ಅಂತ ಕೇಳುವ ಪದ್ಧತಿ ಇಲ್ಲ. ಅಂಗಳದ ತನಕ ಬಂದು, ಸ್ವಲ್ಪ ಹೊತ್ತು ನಿಂತು, ಕೇಳಲಾಗದೆ ತಿರುಗಿ ಹೋಗುವವರೂ ಇದ್ದಾರೆ. ಅವರಿಗಿಟ್ಟ ನೀರನ್ನು ಯಾರೂ ಚೆಲ್ಲುವುದಿಲ್ಲ. ಮರುದಿನಕ್ಕೆ ಮುಚ್ಚಿಡುತ್ತಾರೆ.