ಚಂಡಮಾರುತದ ಒಂಟಿ ಕಣ್ಣು

ಭೂಮಿಯ ಹಸಿಮಣ್ಣು ಇನ್ನೂ ಒಣಗಿರದ ಕಾಲ. ಕಡಲು ಆಗ ಒಂದೇ. ಇದು ಅರಬ್ಬಿ, ಅದು ಪೆಸಿಫಿಕ್ ಎಂದು ಹೆಸರಿಟ್ಟು ಪಾಲು ಮಾಡುವವರು ಹುಟ್ಟಿರಲಿಲ್ಲ. ಗಾಳಿ ಮಾತಾಡುತ್ತಿತ್ತು, ಏಡಿ ಮಾತಾಡುತ್ತಿತ್ತು, ತೆಂಗಿನಮರವಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆ ಕಡಲ ದಂಡೆಯಲ್ಲಿ ಅಕ್ಕಣಿ ಎಂಬ ಹೆಂಗಸಿದ್ದಳು. ಅವಳ ಗಂಡ ಮಾಸ್ತಿ ದೋಣಿ ತೆಗೆದುಕೊಂಡು ಮೀನಿಗೆ ಹೋದರೆ ಬರುವುದು ಐದಾರು ದಿನಕ್ಕೆ. ಆ ದಂಡೆಯವರಿಗೆ ಒಂದು ಕಟ್ಟುಪಾಡಿತ್ತು. ಕಡಲಿಗೆ ಹೋದವರು ತಿರುಗಿ ಬರುವ ತನಕ ಬಾಗಿಲಿಗೆ ಅಗಳಿ ಹಾಕಬಾರದು. ಕಡಲಿನಿಂದ ಬಂದವರು ಯಾರೇ ಆಗಲಿ, ಹೆಸರು ಕೇಳುವ ಮೊದಲು ಒಂದು ಕರಟ ಬಿಸಿಗಂಜಿ ಕೊಡಬೇಕು. ಒಳ್ಳೆಯ ಕಟ್ಟುಪಾಡೇ. ಅದರಿಂದಲೇ ಅನಾಹುತವಾಯಿತು ಅನ್ನುವುದು ಬೇರೆ ಮಾತು.

ಒಂದು ಮಧ್ಯಾಹ್ನ ನೀರಿನ ಮೇಲೆ ಪುಟ್ಟ ಗಾಳಿಯೊಂದು ಹುಟ್ಟಿತು. ಅದಕ್ಕೆ ಕಣ್ಣಿರಲಿಲ್ಲ, ಬರೀ ಬಾಯಿ. ಚಳಿಗೆ ನಡುಗುತ್ತ, ತಡವರಿಸುತ್ತ ದಂಡೆಗೆ ಬಂತು. ಅಕ್ಕಣಿಯ ತೆರೆದ ಬಾಗಿಲು ಸಿಕ್ಕಿತು. ಒಳಗೆ ನುಗ್ಗಿತು.

ಅಕ್ಕಣಿ ಒಲೆಯ ಮುಂದಿದ್ದಳು. ತಿರುಗಿಯೂ ನೋಡದೆ ಕರಟಕ್ಕೆ ಗಂಜಿ ಬಗ್ಗಿಸಿ ಹಿಂದಕ್ಕೆ ಚಾಚಿದಳು. "ಕುಡಿ. ಮಾತು ಆಮೇಲೆ."

ಗಾಳಿ ಗಂಜಿಯನ್ನು ಮುಟ್ಟಲಿಲ್ಲ. ಅದರ ಹಬೆಯನ್ನು ಕುಡಿಯಿತು. ಕುಡಿದು ಬೆಕ್ಕಿನಷ್ಟಿದ್ದದ್ದು ಕರುವಿನಷ್ಟಾಯಿತು. "ಹಸಿವು ಅಕ್ಕಾ, ಇನ್ನೂ ಕೊಡ್," ಎಂದಿತು.

ಹೊಸ್ತಿಲಲ್ಲಿದ್ದ ಏಡಿ ಇಕ್ಕಳದಂಥ ಕೈ ಎತ್ತಿತು. "ಅಕ್ಕಣಿ, ಬಂದದ್ದು ಮನ್ಷ ಅಲ್ಲ. ಹಾವಿಗೆ ಹಾಲೆರಿತಿದ್ದೆ, ಕಾಣ್."

"ನೆಟ್ಟಗೆ ನಡೂಕೆ ಬಾರದ ನೀನು ನಂಗೆ ಬುದ್ಧಿ ಹೇಳುದಾ?" ಎಂದು ಅಕ್ಕಣಿ ಗದರಿಸಿದಳು. ಇನ್ನೊಂದು ಕರಟ ಕೊಟ್ಟಳು, ಮತ್ತೊಂದು ಕೊಟ್ಟಳು. ಮಡಕೆ ಬರಿದಾಯಿತು. ಗಾಳಿ ಮನೆಯ ಸುತ್ತ ಕುಂಯ್‌ಗುಡುತ್ತ ಸುತ್ತತೊಡಗಿತು. ಕೊನೆಗೆ ಅವಳಿಗೆ ರೇಗಿಹೋಯಿತು.

"ಅಷ್ಟು ಬಿಸಿ ಬೇಕಾರೆ ಕಡಲ ನಡುವಿಗೆ ಹೋಗ್. ಸೂರ್ಯ ಬೇಸಗಿ ಪೂರ್ತಿ ನೀರು ಕಾಯ್ಸಿಟ್ಟಿದ್ದ."

"ಹೊಟ್ಟೆ ತುಂಬಿದ ಮೇಲೆ ಬತ್ತೆ ಅಕ್ಕಾ," ಎಂದು ಹೇಳಿ ಗಾಳಿ ಹೊರಟಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಕಡಲ ನಡುವೆಯೇ ಮಾಸ್ತಿ ಇದ್ದಾನೆ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಗಾಳಿ ಕಣ್ಮರೆಯಾಗಿತ್ತು. ಅಕ್ಕಣಿ ದಂಡೆಗೆ ಓಡಿ ಕೂಗಿದಳು. ಯಾರಿಗೆ ಕೇಳಬೇಕು?

ಗಾಳಿ ಬೆಚ್ಚಗಿನ ಕಡಲಿನ ಹಬೆ ಕುಡಿಯಿತು. ಎಲ್ಲ ಕಡೆಯಿಂದಲೂ ಒಟ್ಟಿಗೇ ಕುಡಿಯುವ ಆಸೆಗೆ ಗಿರಗಿರನೆ ತಿರುಗಿತು. ಕುಡಿದಷ್ಟೂ ಬೆಳೆಯಿತು, ಬೆಳೆದಷ್ಟೂ ಹಸಿಯಿತು. ಮರುದಿನ ಊರಿನಷ್ಟಿತ್ತು. ಅದರ ಮರುದಿನ ಎಷ್ಟಿತ್ತೆಂದು ಹೇಳಲು ಯಾರೂ ಅದರ ಇನ್ನೊಂದು ತುದಿ ಕಂಡವರಿಲ್ಲ. ಮುಗಿಲನ್ನೆಲ್ಲ ಸೊಂಟಕ್ಕೆ ಸುತ್ತಿಕೊಂಡು ದಂಡೆಯ ಕಡೆ ತಿರುಗಿತು.

ಐದನೆಯ ದಿನ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತು. ಹಕ್ಕಿಗಳ ಸದ್ದಿಲ್ಲ. ಏಡಿಗಳು ಸಾಲು ಹಿಡಿದು ಗುಡ್ಡ ಹತ್ತಿದವು, ಊರವರೂ ಹಿಂದೆಯೇ ಹತ್ತಿದರು. ಅಕ್ಕಣಿ ಮಾತ್ರ ಕದಲಲಿಲ್ಲ. "ಅವ್ರ್ ಬಂದ್ರೆ ಬಾಗ್ಲಲ್ಲಿ ನಾನಿರ್ಕ್," ಎಂದಳು.

ಬಂದದ್ದು ಅವನಲ್ಲ.

"ಅಕ್ಕಾ, ಬಂದೆ!"

ಅದೇ ಮಾತು, ಅದೇ ಸಲುಗೆ. ಆದರೆ ಆ ಕೂಗಿಗೆ ಮನೆಯ ಮಾಡು ಹಾರಿಹೋಯಿತು. ಕಡಲು ಎದ್ದು ನಿಂತು ಮೆಟ್ಟಿಲು ಹತ್ತಿ ಒಲೆಯೊಳಗೆ ಬಂತು. "ಗಂಜಿ ಕೊಡ್ ಅಕ್ಕಾ, ಗಂಜಿ ಕೊಡ್," ಎಂದು ಗಾಳಿ ಗೋಡೆಗಳನ್ನು ತಡವಿತು. ತಡವಿದ ಗೋಡೆ ಉಳಿಯಲಿಲ್ಲ.

ಅಕ್ಕಣಿ ಬಾಗಿಲ ಕಂಬವನ್ನು ಅಪ್ಪಿ ಹಿಡಿದಳು. ಅವಳಿಗೆ ಹೆದರಿಕೆಯಾಗಿತ್ತು. ಆದರೂ ಕಿರುಚಿದಳು, "ಮಾಸ್ತಿ ಎಲ್ಲಿ? ಅವ್ರನ್ನ ಎಂತ ಮಾಡ್ದೆ?"

"ಯಾರೋ ಗೊತ್ತಿಲ್ಲೆ ಅಕ್ಕಾ. ಹೊಟ್ಟೆಯೊಳಗೆ ಎಂತದೋ ಮರದ್ದು ತಿರುಗ್ತಾ ಇತ್ತ್. ದೋಣಿಯೋ, ಮನೆಯೋ? ನಂಗೆ ಕಣ್ಣಿಲ್ಲೆ."

ನೆಲಕ್ಕೆ ಬಾಗಿದ್ದ ತೆಂಗಿನಮರ ನರಳುತ್ತ ಹೇಳಿತು, "ನನ್ನ ಕಾಯಿಗೆ ಮೂರು ಕಣ್ಣಿತ್ತ್. ಒಂದು ಕಿತ್ತು ಕೊಡ್ ಅಕ್ಕಣಿ. ಬೇಗ!"

ಅಕ್ಕಣಿ ಉರುಳಿ ಬಂದ ಕಾಯಿಯಿಂದ ಒಂದು ಕಣ್ಣನ್ನು ಸೊಂಟದ ಕತ್ತಿಯ ಮೊನೆಯಲ್ಲಿ ಎಬ್ಬಿಸಿದಳು. ಗಾಳಿಯ ನಟ್ಟನಡುವಿಗೆ ಎಸೆದಳು. (ಅದಕ್ಕೇ ಇವತ್ತಿಗೂ ತೆಂಗಿನಕಾಯಿಯ ಮೂರರಲ್ಲಿ ಒಂದು ಕಣ್ಣು ಮೆತ್ತಗೆ. ಚುಚ್ಚಿ ನೋಡು ಬೇಕಾದರೆ.)

ಗಾಳಿ ಕಣ್ಣು ಬಿಟ್ಟಿತು.

ಒಂದೇ ಸಲಕ್ಕೆ ಸದ್ದೆಲ್ಲ ನಿಂತಿತು. ನೆತ್ತಿಯ ಮೇಲೆ ಬಾವಿಯ ಬಾಯಿಯಂತೆ ದುಂಡಗೆ ನೀಲಿ ಆಕಾಶ. ಅದರಲ್ಲಿ ದಣಿದ ಕಡಲಹಕ್ಕಿಗಳು ದಿಕ್ಕು ತಪ್ಪಿ ಸುತ್ತುತ್ತಿದ್ದವು. ಸುತ್ತಲೂ ಮುಗಿಲಿನ ಗೋಡೆ. ಗಾಳಿ ಮೊದಲ ಸಲ ಊರನ್ನು ನೋಡಿತು. ಮುರಿದ ಮನೆ, ಸತ್ತ ಹಸು, ಮರದ ಮೇಲೆ ಸಿಕ್ಕಿಕೊಂಡ ತೊಟ್ಟಿಲು.

"ಇದೆಲ್ಲ ಯಾರು ಮಾಡಿದ್ದು ಅಕ್ಕಾ?"

"ನೀನು," ಎಂದಳು ಅಕ್ಕಣಿ.

ಗಾಳಿ ತನ್ನ ಹೊಟ್ಟೆಯೊಳಗೆ ಹುಡುಕಿ, ಒಂದು ದೋಣಿಯನ್ನು ಮೆಲ್ಲಗೆ ಮರಳಿನ ಮೇಲಿಟ್ಟಿತು. ಅದರ ಹಲಗೆಗೆ ಹಗ್ಗದಿಂದ ತನ್ನನ್ನು ಬಿಗಿದುಕೊಂಡ ಮಾಸ್ತಿ ಇದ್ದ. ಉಸಿರಿತ್ತು.

ಅಕ್ಕಣಿ ಅಳುತ್ತ ಹಗ್ಗ ಬಿಚ್ಚಿದಳು. ಮಾಸ್ತಿ ಎದ್ದವನೇ ಸುತ್ತ ನೋಡಿ, "ಗಾಳಿ ನಿಂತಿತಲ್ಲ! ಬಲೆ ಕಾಣ್ಕ್," ಎಂದು ಬಲೆ ಹುಡುಕುತ್ತ ನೀರಿನ ಕಡೆ ನಡೆದ. ಮೀನಿನವರ ಬುದ್ಧಿಯೇ ಹಾಗೆ, ಜೀವ ಉಳಿದರೆ ಮೊದಲು ಬಲೆ.

ಆಗ ಗಾಳಿ ಪಿಸುಗುಟ್ಟಿತು. "ಅಕ್ಕಾ, ನಾನು ನಿಂತಿಲ್ಲೆ. ನನ್ನ ಅರ್ಧ ಇನ್ನೂ ಹಿಂದೆ ಇತ್ತ್. ನಿಲ್ಲೂಕೆ ನಂಗೆ ಗೊತ್ತಿಲ್ಲೆ. ಓಡ್!"

ಅಕ್ಕಣಿ ಗಂಡನ ಕೈ ಹಿಡಿದು ಎಳೆದಳು. ಅವನು ಬಲೆ ಬಲೆ ಎಂದ. ಅವಳು ಬಿಡಲಿಲ್ಲ. ಗುಡ್ಡದ ಅರ್ಧ ಹತ್ತುವಷ್ಟರಲ್ಲಿ ಹಿಂದಿನಿಂದ ಮುಗಿಲಿನ ಗೋಡೆ ಬಂದು ಬಡಿಯಿತು. ಮೊದಲು ಬಂದ ದಿಕ್ಕಿಗೆ ತದ್ವಿರುದ್ಧ ದಿಕ್ಕಿನಿಂದ. ದೋಣಿ ಹೋಯಿತು, ಬಲೆ ಹೋಯಿತು, ಅಗಳಿ ಹಾಕದ ಆ ಬಾಗಿಲೂ ಹೋಯಿತು.

ಗುಡ್ಡದ ಗುಹೆಯಲ್ಲಿ ಊರವರು ಗಂಜಿ ಬೇಯಿಸಿದ್ದರು. ಮಾಸ್ತಿ ಒಂದು ಕರಟ ಕುಡಿದ. ಹೊರಗೆ ಗಾಳಿ ಬಂಡೆ ಬಂಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು. ನೆಲದ ಮೇಲೆ ಅದಕ್ಕೆ ಕುಡಿಯಲು ಬೆಚ್ಚಗಿನ ಕಡಲೆಲ್ಲಿ? ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಸಂಜೆಗೆ ಬೆಕ್ಕಿನಷ್ಟಾಗಿ ಗುಹೆಯ ಬಾಯಿಗೆ ಬಂತು.

"ಅಕ್ಕಾ, ನಾನೂ ಕಡಲಿಂದ ಬಂದದ್ದು. ಒಂದು ಕರಟ ಕೊಡ್."

ಅಕ್ಕಣಿಯ ಕೈ ತಾನಾಗಿಯೇ ಸೌಟಿಗೆ ಹೋಯಿತು. ಗಂಡನ ಮುಖ ನೋಡಿದಳು. ಸೌಟು ಬಿಟ್ಟಳು. ಮಡಕೆಯ ಬಾಯಿಗೆ ಮುಚ್ಚಳ ಹಾಕಿ, ಅದರ ಮೇಲೆ ಎರಡೂ ಕೈಯಿಟ್ಟು ಕುಳಿತಳು.

"ಇಲ್ಲೆ ಮಗಾ," ಎಂದಳು.

ಗಾಳಿ ಆ ಒಂಟಿ ಕಣ್ಣಿನಿಂದ ಅವಳನ್ನೇ ನೋಡುತ್ತ ತುಂತುರು ಮಳೆಯಾಗಿ ಕರಗಿಹೋಯಿತು. ಗಂಜಿ ಕೊಟ್ಟು ಬೆಳೆಸಿದ ಕೈಯೇ ಇಲ್ಲ ಅಂದಿತ್ತು. ಅಕ್ಕಣಿ ಬಹಳ ಹೊತ್ತು ಅತ್ತಳು.

ಆದರೆ ಕಡಲು ಪ್ರತಿ ವರ್ಷ ಕಾದು ಬಿಸಿಯಾಗುತ್ತದೆ, ಗಾಳಿ ಮತ್ತೆ ಹುಟ್ಟುತ್ತದೆ. ದೂರದ ಪೆಸಿಫಿಕ್‌ನಲ್ಲೋ, ನಮ್ಮ ಅರಬ್ಬಿಯಲ್ಲೋ ಹಬೆ ಕುಡಿದು ಬೆಳೆದು, ಅಕ್ಕಣಿಯ ಬಾಗಿಲು ಹುಡುಕಿಕೊಂಡು ಬರುತ್ತದೆ. ಟಿವಿಯಲ್ಲಿ ಬಿಳಿ ಸುಳಿಯ ನಡುವೆ ನೀನು ಕಂಡೆಯಲ್ಲ, ದುಂಡಗಿನ ತೂತು, ಅದು ಆ ತೆಂಗಿನ ಕಣ್ಣು. ಅದಕ್ಕೇ ಮಗಾ, ಬಿರುಗಾಳಿ ಇದ್ದಕ್ಕಿದ್ದಂತೆ ನಿಂತು ಬಿಸಿಲು ಬಿದ್ದಿತೆಂದು ನೀನು ಅಗಳಿ ತೆಗೆಯಲು ಹೋದರೆ, ಈ ಅಜ್ಜಿ ನಿನ್ನ ಕೈ ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದು.