ಹೊಸ ವಿಳಾಸಕ್ಕೆ ಎರಡು ದಿನ

"ನಾನಿಲ್ಲಿ ಕೆಮ್ಮಿದರೆ ಗಡಿಯಲ್ಲಿ ಕಾವಲುಗಾರ ಮೂಗು ಒರೆಸಿಕೊಳ್ಳುತ್ತಾನೆ. ನನ್ನ ಮಾತಿಗೆ ಅಷ್ಟು ವೇಗ," ಎಂದು ಮುದುಗೆರೆಯ ದೊರೆ ಬೊಮ್ಮರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ. "ಇವತ್ತು ಸಂಜೆಯೊಳಗೆ ನನ್ನ ವೆಬ್‌ಸೈಟು ಲೋಕಕ್ಕೆಲ್ಲ ಕಾಣಬೇಕು."

ಆ ಕಾಲದಲ್ಲಿ ಕಂಪ್ಯೂಟರು ಇತ್ತೇ ಎಂದು ಕೇಳಬೇಡಿ. ದೊರೆ ಇದ್ದ, ಅವನಿಗೆ ಹಟ ಇತ್ತು. ಇವೆರಡು ಇದ್ದ ಮೇಲೆ ಉಳಿದದ್ದು ತಾನಾಗಿ ಬರುತ್ತದೆ.

ತನ್ನ ಹೆಸರಿನದೇ ಒಂದು ಡೊಮೇನನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ದೊರೆ ಆವತ್ತು ಬೆಳಿಗ್ಗೆ ನೋಂದಾಯಿಸಿದ್ದ. ಅರಮನೆಯ ಕಂಪ್ಯೂಟರು ನೋಡಿಕೊಳ್ಳುವ ಸಾವಂತ್ರಮ್ಮ ಬಾಡಿಗೆ ಸರ್ವರಿನಲ್ಲಿ ಜಾಗ ಹಿಡಿದು, ದೊರೆಯ ಚಿತ್ರಗಳನ್ನೆಲ್ಲ ಅಲ್ಲಿ ಏರಿಸಿ, ಆ ಹೆಸರು ಕೇಳಿದವರಿಗೆ ಈ ಸರ್ವರಿನ ದಾರಿ ತೋರಿಸಿ ಎಂದು ಡಿಎನ್‌ಎಸ್ ಎಂಬ ವಿಳಾಸಗಳ ಪಟ್ಟಿಯಲ್ಲಿ ಬರೆದಿಟ್ಟಿದ್ದಳು.

"ನನ್ನ ಕೆಲಸ ಮುಗಿದಿದೆ ಬುದ್ಧಿ. ಆದರೆ ಎಲ್ಲಾ ಕಡೆ ಕಾಣೋಕೆ ಎರಡು ದಿನ ಹಿಡೀಬಹುದು."

"ನನಗೆ ಎರಡು ದಿನವೇ?" ಎನ್ನುತ್ತ ದೊರೆ ಸಭೆಯ ದೊಡ್ಡ ಪರದೆಯಲ್ಲಿ ತನ್ನ ಹೆಸರು ಒತ್ತಿಸಿದ. ಪರದೆಯ ಮೇಲೆ ಒಂದೇ ಸಾಲು ಬಂತು: 'ಈ ಹೆಸರಿನಲ್ಲಿ ಇನ್ನೂ ಏನೂ ಇಲ್ಲ.'

ಮಂತ್ರಿಗಳೆಲ್ಲ ಒಟ್ಟಿಗೆ ಸೂರು ನೋಡತೊಡಗಿದರು.

"ಅದು ಹೆಸರು ಮಾರಿದೋರು ಹಾಕಿಟ್ಟ ಪುಟ ಬುದ್ಧಿ," ಎಂದಳು ಸಾವಂತ್ರಮ್ಮ. "ನನ್ನ ಫೋನು ದಾರಿ ಕೇಳೋದು ಬೇರೆ ಸರ್ವರನ್ನ, ಅದರಲ್ಲಿ ನೋಡಿ, ತಾವೇ ಕಾಣ್ತಿದೀರಿ, ಆನೆ ಸಮೇತ. ನಾನು ಮುಗಿಸೋ ಮೊದಲೇ ತಾವು ಹತ್ತು ಸಲ ತೆಗೆದು ನೋಡಿಬಿಟ್ರಿ. ಅರಮನೆಗೆ ದಾರಿ ಹೇಳೋ ಸರ್ವರು ಆಗಿನ ವಿಳಾಸವನ್ನೇ ನೆನಪಿಟ್ಕೊಂಡಿದೆ. ಆ ನೆನಪಿನ ಗಡುವು ತೀರೋವರೆಗೂ ಹಳೇದನ್ನೇ ಹೇಳುತ್ತೆ."

"ಅಂದರೆ ತಪ್ಪು ನನ್ನದು?"

ಸಾವಂತ್ರಮ್ಮ ಫೋನನ್ನು ಇನ್ನಷ್ಟು ಮುಂದೆ ಹಿಡಿದಳು. ದೊರೆಗೆ ಅಷ್ಟೇ ಸಾಕಾಯಿತು.

"ಸಂಜೆಗೆ ಕಾಣದಿದ್ದರೆ ನಾಳೆಯಿಂದ ಅರಮನೆಗೆ ಬರಬೇಡ. ಅರಮನೆ ಕೊಟ್ಟ ಮನೆಯನ್ನೂ ಖಾಲಿ ಮಾಡು."

ಹನ್ನೊಂದು ವರ್ಷ ದುಡಿದ ಹೆಂಗಸು. ಅವಳು ಸೆರಗಿನ ತುದಿಯಿಂದ ಮನೆಯ ಬೀಗದ ಕೈ ಬಿಚ್ಚತೊಡಗಿದ್ದನ್ನು ನೋಡಿದವನು ಕರಿಬಸವ ಒಬ್ಬನೇ. ದೊರೆಯನ್ನು ನಗಿಸುವುದು ಅವನ ಸಂಬಳದ ಕೆಲಸ. ಸಿಟ್ಟನ್ನು ಮಾತ್ರ ಅವನು ಬಿಟ್ಟಿಯಾಗಿ ಸಾಕಿಕೊಂಡಿದ್ದ. ದಿನಾ ಮೂಡಲ ಬೀದಿಯಲ್ಲಿ ನಡೆದು ಬರುವವನಿಗೆ ಸಿಟ್ಟಿಗೇನು ಬರ?

"ಓಡಿಸಿ ಪ್ರಭು," ಎಂದ ಅವನು. "ಆದರೆ ಅದಕ್ಕೂ ಮುಂಚೆ ತಮ್ಮ ಮಾತಿನ ವೇಗ ತೋರಿಸಿ, ಈಯಮ್ಮ ನಾಚಿಕೊಳ್ಳಲಿ. ಜನ ಅಹವಾಲು ಹೇಳೋ ಜಾಗವನ್ನ ಮೂಡಲ ಬಾಗಿಲಿನಿಂದ ತೆಂಕಲ ಬಾಗಿಲಿಗೆ ಬದಲಿಸಿ ಅಪ್ಪಣೆ ಕೊಟ್ಟಿದ್ದು ಯಾವಾಗ?"

"ಯುಗಾದಿಗೆ."

"ಇದು ಶ್ರಾವಣ. ಜಾರಿಗೆ ಬಂದಿದೆಯೋ?"

"ಕೊಟ್ಟ ಗಳಿಗೆಯಲ್ಲೇ."

"ಹಾಗಾದರೆ ಈ ಕಂಬಳಿ ಹೊದ್ದು ಬನ್ನಿ, ಕೇಳ್ಕೊಂಡು ಬರೋಣ."

ಬೀದಿಯ ಮೊದಲ ಕಾವಲುಗಾರನೇ ಕೈ ತೋರಿಸಿದ: "ಅಹವಾಲಾ? ಮೂಡಲ ಬಾಗಿಲಿಗೆ ಹೋಗಯ್ಯ." ಹೂವಿನವಳೂ ಮೂಡಲ ಎಂದಳು. ತಳವಾರನನ್ನು ಕೇಳಿದರೆ, "ನಮ್ಮಪ್ಪನ ಕಾಲದಿಂದ ಮೂಡಲವೇ. ನೀನ್ಯಾವ ಊರಿನವನು?" ಎಂದು ಮೇಲಿಂದ ಕೆಳಗೆ ನೋಡಿದ.

ಮೂಡಲ ಬಾಗಿಲಿಗೆ ಬೀಗ ಜಡಿದಿತ್ತು. ಅದರ ಮುಂದೆ ನಲವತ್ತು ಜನ ಸಾಲಾಗಿ ಕೂತಿದ್ದರು. ಮುದುಕಿಯೊಬ್ಬಳು ಸರಿದು ಜಾಗ ಬಿಟ್ಟಳು.

"ಕೂತ್ಕೊಳಪ್ಪ, ನನ್ನ ಹಿಂದೆ ನಿನ್ನ ಪಾಳಿ. ನಾನು ಬಂದು ಇವತ್ತಿಗೆ ಆರು ದಿನ."

"ಬಾಗಿಲು ಯಾಕಜ್ಜಿ ತೆಗೆದಿಲ್ಲ?" ದೊರೆಯ ದನಿ ಕಂಬಳಿಯೊಳಗೇ ಉಳಿಯಿತು.

"ದೊರೆ ಒಳಗೆ ಲೋಕಕ್ಕೆಲ್ಲ ಕಾಣೋ ಕೆಲಸದಲ್ಲಿದಾನಂತೆ. ನಮಗೆ ಮಾತ್ರ ಕಾಣಿಸ್ತಿಲ್ಲ."

ಇತ್ತ ತೆಂಕಲ ಬಾಗಿಲಲ್ಲಿ ನಾಲ್ವರು ಗುಮಾಸ್ತರು ಯುಗಾದಿಯಿಂದ ಆಕಳಿಸುತ್ತ ಕೂತಿದ್ದರು.

ದೊರೆ ಸಭೆಗೆ ಬಂದು ಕಂಬಳಿ ಕಳಚಿ ಕೂತ. ಕರಿಬಸವ ಬಿಡಲಿಲ್ಲ.

"ಪ್ರಭು, ಸಾವಂತ್ರಮ್ಮ ಕೇಳಿದ್ದು ಎರಡು ದಿನ. ತಾವು ನಾಲ್ಕು ತಿಂಗಳು ತಗೊಂಡ್ರೂ ತಮ್ಮ ವಿಳಾಸ ಪಕ್ಕದ ಬೀದಿಗೆ ತಲುಪಿಲ್ಲ. ಗಂಟುಮೂಟೆ ಕಟ್ಟಬೇಕಾದೋರು ಯಾರು ಅಂತ ಹೇಳಿ, ಗಾಡಿ ನಾನು ತರಿಸ್ತೀನಿ."

ದೊರೆಯ ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ. "ಸಾವಂತ್ರಮ್ಮ ಇರಲಿ," ಎಂದ ನಗುತ್ತಲೇ. "ಎರಡಲ್ಲ, ನಾಲ್ಕು ದಿನ ತಗೊಳ್ಳಲಿ. ಆ ಅಜ್ಜಿಗೇನು ಮಾಡೋಣ, ಅದು ಹೇಳಿ."

"ಹೊಸ ವಿಳಾಸ ಎಲ್ಲರಿಗೂ ಗೊತ್ತಾಗೋವರೆಗೂ ಹಳೇದನ್ನ ಮುಚ್ಚಬಾರದು ಬುದ್ಧಿ," ಎಂದಳು ಸಾವಂತ್ರಮ್ಮ. "ನಮ್ಮ ಕಸುಬಿನಲ್ಲಿ ಅದು ಮೊದಲ ಪಾಠ. ಎರಡು ಬಾಗಿಲೂ ತೆಗೆದಿಡಿಸಿ."

"ಎರಡು ಕಡೆಯೂ ಕೂರಲು ಜನ ಎಲ್ಲಿದ್ದಾರೆ?"

"ತೆಂಕಲ ಬಾಗಿಲಲ್ಲಿ ಗುಮಾಸ್ತರು ಇದ್ದೇ ಇದಾರೆ," ಎಂದ ಕರಿಬಸವ. "ಮೂಡಲ ಬಾಗಿಲಲ್ಲಿ ತಾವು ಕೂತರಾಯ್ತು ಪ್ರಭು. ವೆಬ್‌ಸೈಟು ಬರೋದರೊಳಗೆ ನಲವತ್ತು ಜನಕ್ಕಾದರೂ ಕಾಣಿಸ್ಕೊಂಡಿರ್ತೀರಿ."