ಹೂಂ ಅಂದ ಚೆನ್ನಮ್ಮ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅದರ ಅಂಗಳದಲ್ಲೊಂದು ಪುಟ್ಟ ಆಸ್ಪತ್ರೆ. ಅದನ್ನು ನಡೆಸುತ್ತಿದ್ದ ವಯಸ್ಸಾದ ಡಾಕ್ಟರ್ ಮೃತ್ಯುಂಜಯಪ್ಪನವರನ್ನು ಎಲ್ಲರೂ ಗುರುಗಳು ಎಂದೇ ಕರೆಯುತ್ತಿದ್ದರು.

ಆಗಷ್ಟೇ ಓದು ಮುಗಿಸಿದ್ದ ಇಂದುಮತಿ ಅವರ ಬಳಿ ಕಲಿಯಲು ಬಂದಳು.

ಒಂದು ದಿನ ಬೆಳಿಗ್ಗೆ ರೋಗಿಗಳು ಬಹಳ. ಕಂಪ್ಯೂಟರಿನಲ್ಲಿ ಹೊನ್ನಮ್ಮ ಎಂಬವರ ದಾಖಲೆ ತೆರೆದಿತ್ತು. ಜ್ವರ, ಪೆನ್ಸಿಲಿನ್ ಇಂಜೆಕ್ಷನ್ ಕೊಡಬೇಕು ಎಂದಿತ್ತು.

ಇಂದುಮತಿ ಎದುರಿಗೆ ಕೂತಿದ್ದ ಹೆಂಗಸನ್ನು ಕೇಳಿದಳು. "ನೀವು ಹೊನ್ನಮ್ಮ ತಾನೇ?"

ಜ್ವರದಲ್ಲಿ ನಡುಗುತ್ತಿದ್ದ ಆಕೆ ತಲೆಯಾಡಿಸಿದಳು. "ಹೂಂ ಕಣವ್ವ."

ಇಂದುಮತಿ ಸಿರಿಂಜಿಗೆ ಔಷಧಿ ತುಂಬಿದಳು.

ಅತ್ತ ಹೋಗುತ್ತಿದ್ದ ಗುರುಗಳು ನಿಂತರು. ಬಾಗಿ ಕೇಳಿದರು. "ಅವ್ವಾ, ನಿಮ್ಮ ಹೆಸರೇನು?"

"ಚೆನ್ನಮ್ಮ, ಬುದ್ಧಿ."

ಇಂದುಮತಿಯ ಕೈ ಅಲ್ಲೇ ನಿಂತಿತು.

ಚೆನ್ನಮ್ಮನ ದಾಖಲೆ ತೆರೆದಳು. ಮೇಲೆಯೇ ಕೆಂಪು ಅಕ್ಷರ: ಪೆನ್ಸಿಲಿನ್ ಕೊಡಕೂಡದು. ಹಿಂದೊಮ್ಮೆ ಕೊಟ್ಟಾಗ ಉಸಿರು ಕಟ್ಟಿತ್ತು.

ಅವಳು ಸಿರಿಂಜು ಕೆಳಗಿಟ್ಟಳು. ಕಣ್ಣು ತುಂಬಿ ಬಂತು.

"ಗುರುಗಳೇ, ನಾನು ಇವರನ್ನು ಕೊಂದುಬಿಡುತ್ತಿದ್ದೆ."

"ಬದುಕಿದ್ದಾರೆ. ಮೊದಲು ಇವರಿಗೆ ಆಗುವ ಔಷಧಿ ಕೊಡು. ಅಳು ಆಮೇಲಾಗಲಿ."

ಕೊಟ್ಟಳು. ಚೆನ್ನಮ್ಮನ ಜ್ವರ ಇಳಿಯಿತು. ಮನೆಗೆ ಹೊರಟಾಗ ಆಕೆ ಇಂದುಮತಿಯ ಗಲ್ಲ ಸವರಿ, "ತಣ್ಣಗಿರವ್ವ" ಎಂದು ಹರಸಿದಳು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಇಂದುಮತಿಗೆ ಅಂದು ಊಟ ರುಚಿಸಿತು.

ಆಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಹಟ ಹಿಡಿದು ಕಂಪ್ಯೂಟರನ್ನು ಸರಿಮಾಡಿಸಿದಳು. ದಾಖಲೆ ತೆರೆದೊಡನೆ ರೋಗಿಯ ಫೋಟೊ ದೊಡ್ಡದಾಗಿ ಕಾಣುತ್ತಿತ್ತು. ಒಬ್ಬರದು ಮುಚ್ಚದೆ ಇನ್ನೊಬ್ಬರದು ತೆರೆಯುತ್ತಿರಲಿಲ್ಲ. ಹೆಸರುಗಳು ಹತ್ತಿರ ಹತ್ತಿರ ಇದ್ದರೆ ಅದೇ ಎಚ್ಚರಿಸುತ್ತಿತ್ತು.

ಗುರುಗಳು ಎಲ್ಲವನ್ನೂ ನೋಡಿದರು. "ಒಳ್ಳೆಯ ಕೆಲಸ" ಎಂದರು.

"ಆದರೆ ಒಂದು ಮಾತ್ರ ತಿಳಿಯಲಿಲ್ಲ, ಗುರುಗಳೇ. ಹೆಸರು ನಾನೂ ಕೇಳಿದ್ದೆ, ನೀವೂ ಕೇಳಿದಿರಿ. ನನಗೆ ಹೂಂ ಅಂದವರು ನಿಮಗೆ ಚೆನ್ನಮ್ಮ ಅಂದರಲ್ಲ, ಯಾಕೆ?"

ಗುರುಗಳು ಅವಳನ್ನು ಜಗಲಿಗೆ ಕರೆದೊಯ್ದರು. ಅಲ್ಲೊಬ್ಬ ಮುದುಕ ತನ್ನ ಸರದಿಗೆ ಕಾದು ಕೂತಿದ್ದ. ಬಿಳಿ ಮೀಸೆ, ತಲೆಗೆ ರುಮಾಲು.

"ಏನಜ್ಜಾ, ನೀವು ಪಾರ್ವತಮ್ಮ ತಾನೇ?" ಎಂದು ಗುರುಗಳು ಕೇಳಿದರು.

ಮುದುಕ ಗಡಬಡಿಸಿ ಎದ್ದು ಕೈ ಮುಗಿದ. "ಹೌದು ಬುದ್ಧಿ, ಹೌದು."

ಇಂದುಮತಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವಳ ಮುಖ ಗಂಭೀರವಾಯಿತು.

ಗುರುಗಳು ಮುದುಕನ ಭುಜ ಹಿಡಿದು ಮೆಲ್ಲಗೆ ಕೂರಿಸಿದರು.

"ಅವತ್ತು ಆ ಹೆಸರನ್ನು ನೀನೇ ಕೊಟ್ಟೆ, ತಾಯಿ. ಡಾಕ್ಟರು ಕೊಟ್ಟದ್ದನ್ನು ಯಾರು ಬೇಡ ಅಂತಾರೆ?"